ಮೊಣಕೈಗೆ ಹತ್ತಿದ ಸುಣ್ಣ

ಅವರ ಬಲ ಮೊಣಕೈಗೆ ರವಿವಾರ ಸಂಜೆ ಸುಣ್ಣ ಮೆತ್ತಿಕೊಂಡಿರುತ್ತಿತ್ತು. ಅವರು ಜಲನಗರದಲ್ಲಿ ನಮ್ಮ ಪಕ್ಕದ ಮನೆಯ ಕಾಕು. ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ಅವರ ಪಡಸಾಲೆಯಲ್ಲಿ ಕೋಲಾಟ ಆಡುತ್ತಿದ್ದೆವು. ಸೋಫಾ ಅಂಗಳಕ್ಕೆ, ಟೀಪಾಯಿ ಅಡುಗೆಮನೆಗೆ ಹೋದ ಮೇಲೂ ಜಾಗ ಸಾಲುತ್ತಿರಲಿಲ್ಲ. ಸುಣ್ಣದ ಗೋಡೆಗೆ ಒತ್ತಿಕೊಂಡು ಆಡಬೇಕಾದ ಜಾಗವನ್ನು ಕಾಕು ತಾವೇ ಇಟ್ಟುಕೊಳ್ಳುತ್ತಿದ್ದರು.

ತವರು ತಿಕೋಟಾ. ಹುಡುಗಿಯಾಗಿದ್ದಾಗ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗಿ, ಊಟದ ಬಿಡುವಿನಲ್ಲಿ, ಹಣ್ಣು ಹರವುವ ಬಲೆಗಳ ಸಾಲಿನ ನಡುವಿನ ಸಂದಿಯಲ್ಲಿ ಕೋಲಾಟ ಕಲಿತಿದ್ದರು. ನಾನು ಪತ್ರಿಕಾ ಕಚೇರಿಯಿಂದ ತಡವಾಗಿ ಬಂದು ಕೈ ಚಾಚಿ ನಿಂತರೆ, “ಏ ಪೇಪರ್‌ನಾಕಿ, ಮೊಣಕೈ ಒಳಗ ತಗೋ. ನಿನ್ನ ಸುದ್ದಿಗೂ ಇಷ್ಟ ಜಾಗ ಕೊಡಂಗಿಲ್ಲ ನಿಮ್ಮ ಪೇಪರ್‌ನವರು” ಎನ್ನುತ್ತಿದ್ದರು.

ಕಳೆದ ವರ್ಷ ಹಾಸಿಗೆ ಹಿಡಿದರು. ಒಳಕೋಣೆಯಲ್ಲಿ ಗಾಳಿ ಆಡದೆಂದು ಮಂಚ ಪಡಸಾಲೆಗೆ ಬಂತು. ಕೋಲು ಹಿಡಿದು ನಾವು ಬಾಗಿಲಲ್ಲೇ ನಿಂತೆವು.

“ಅತ್ತಿ, ಜಾಗ ಎಲ್ಲೈತ್ರಿ? ಅರ್ಧ ಮಂದಿ ಇವತ್ತ ಬರ್ಲಿ, ಅರ್ಧ ಮಂದಿ ನಾಳಿ” ಎಂದಳು ಸೊಸೆ.

“ಅರ್ಧ ಮಂದಿ ಆಡಿದ್ರ ಅದು ಕೋಲಾಟ ಅಲ್ಲವ್ವಾ, ಬರೇ ಕಟಿಗಿ ಸಪ್ಪಳ. ಮಂಚ ನಡುವ ಎಳೀರಿ. ಹೆಜ್ಜಿ ಸಣ್ಣ ಮಾಡ್ರಿ.”

ಕೋಲಾಟ ಬೇರೆ ಮನೆಗೆ ಹೋದರೆ ಇಲ್ಲಿ ತಾವು ಬರೀ ರೋಗಿಯಾಗಿ ಉಳಿಯುವುದು ಅವರಿಗೆ ಗೊತ್ತಿತ್ತು.

ಅಡ್ಡಡ್ಡ ತಿರುಗಿ ಮಂಚದ ಸುತ್ತ ಆಡಿದೆವು. ಕಾಕು ಮಲಗಿದಲ್ಲೇ ಒಂದು ಕೋಲು ಎತ್ತಿ ಹಿಡಿಯುತ್ತಿದ್ದರು. ದಾಟಿ ಹೋಗುವ ಪ್ರತಿಯೊಬ್ಬಳೂ ಅದಕ್ಕೆ ತನ್ನ ಕೋಲು ತಾಗಿಸಬೇಕು. ಒಂದು ರವಿವಾರ ಆ ಕೋಲು ಮೇಲೇಳಲಿಲ್ಲ. ಅಲ್ಲಿಗೆ ಬಂದಾಗ ಗಾಳಿಗೆ ಒಂದು ಪೆಟ್ಟು ಹಾಕಿ ಮುಂದೆ ಹೋದೆವು. ಅವರು ಕಣ್ಣು ತೆರೆದೇ ಇದ್ದರು.

ಅದೇ ವಾರ ತೀರಿಕೊಂಡರು. ದೇಹವನ್ನು ಮಂಚವಿದ್ದ ಜಾಗದಲ್ಲೇ ಮಲಗಿಸಿದ್ದರು. ತಿಕೋಟಾದವರೂ ಬಂದು ಬಾಗಿಲು ತುಂಬಿತು. ಹಿರಿಯರೊಬ್ಬರು, “ಸ್ವಲ್ಪ ಸ್ವಲ್ಪ ಮಂದಿನ್ನ ಒಳಗ ಬಿಡ್ರಿ” ಎಂದರು.

ಸೊಸೆ ತಲೆ ಎತ್ತಲಿಲ್ಲ. “ಎಲ್ಲಾರೂ ಬರ್ರಿ. ಮೊಣಕೈ ಒಳಗ ತಗೊಂಡ ನಿಂದರ್ರಿ.”

ಅಡ್ಡಡ್ಡ ನಿಂತೆವು. ಎಲ್ಲರೂ ಒಳಗೆ ಹಿಡಿಸಿದರು. ಹೊರಗೆ ಚಪ್ಪಲಿಗಳಷ್ಟೇ ಉಳಿದವು.

ನನಗೆ ಅಳು ಬರಲಿಲ್ಲ. ಸಂಜೆ ಕಚೇರಿಗೆ ಹೋಗಿ ನಿಧನವಾರ್ತೆಯನ್ನು ನಾನೇ ಬರೆದೆ. ಪುಟದಲ್ಲಿ ಜಾಗವಿರಲಿಲ್ಲ, ಸಣ್ಣದು ಮಾಡಿ ಕೂರಿಸಿದೆ.

“ಮೇಡಂ, ಕೈಗೆ ಏನೋ ಹತ್ತೇತಿ ನೋಡ್ರಿ” ಎಂದ ಪಕ್ಕದ ಮೇಜಿನವನು.

ಮೊಣಕೈಗೆ ಸುಣ್ಣ. ಒರೆಸದೆ ಮುಂದಿನ ಸುದ್ದಿ ಎತ್ತಿಕೊಂಡೆ.