ದೊಡ್ಡವ್ವನ ತುಂಬು ತೋಳಿನ ಕುಬಸ

ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಹಕ್ಕು ದೊಡ್ಡವ್ವನದು. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಗಂಡ ತೀರಿಕೊಂಡ ಮೇಲೆ ನವಲಗುಂದದ ಹತ್ತಿರದ ನಮ್ಮ ಹಳ್ಳಿಗೆ ಬಂದು ನಮ್ಮೊಂದಿಗೇ ಉಳಿದವಳು. ಅವಳು ಬಡಿಯುವ ಸಪ್ಪಳ ಕೇಳಿದರೇ ನಮಗೆ ಹಸಿವಾಗುತ್ತಿತ್ತು. ಅವ್ವ ಬಡಿದ ರೊಟ್ಟಿ ಅವ್ವನ ಹಾಗೆಯೇ ಅವಸರದ್ದು, ಅಂಚು ಹರಿದಿರುತ್ತಿತ್ತು.

ದೊಡ್ಡವ್ವನ ಮೊಣಕೈಯಲ್ಲಿ ಮೊದಲು ಕೆಂಪು ಕಲೆ ಎದ್ದು, ಬಿಳಿ ಹೊಟ್ಟು ಉದುರತೊಡಗಿತು. ಆಮೇಲೆ ಅಂಗೈಗೂ ಬಂತು, ಬೆರಳ ಕೀಲುಗಳು ಊದಿಕೊಂಡವು. ಆ ವರ್ಷದ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಬೀಗರ ಪೈಕಿ ಒಬ್ಬಾಕೆ ರೊಟ್ಟಿ ಎತ್ತಿಕೊಂಡು, "ಇವನ್ನ ಯಾರು ಬಡದಾರ?" ಎಂದು ಕೇಳಿದಳು. ದೊಡ್ಡವ್ವನ ಕೈ ನೋಡಿ, ಮೆಲ್ಲಗೆ ಅದನ್ನು ಬುಟ್ಟಿಗೇ ಹಾಕಿದಳು. ಬೈದಿದ್ದರೂ ಚೆನ್ನಾಗಿತ್ತು. ಆ ಹೆಂಗಸಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮರುದಿನ ದೊಡ್ಡವ್ವ ಹಿಟ್ಟಿನ ಪರಾತವನ್ನು ಅವ್ವನ ಮುಂದೆ ಸರಿಸಿ, "ಇನ್ನ ನೀನ ಬಡಿ" ಎಂದಳು. ಮುಂಗೈವರೆಗೂ ತೋಳಿರುವ ಕುಬಸ ಹೊಲಿಸಿಕೊಂಡಳು. ಬಿರುಬೇಸಿಗೆಯಲ್ಲೂ ಅದನ್ನು ಬಿಡಲಿಲ್ಲ.

ಹುಬ್ಬಳ್ಳಿಯ ಚರ್ಮದ ಡಾಕ್ಟರು ಇದು ಸೋರಿಯಾಸಿಸ್, ಕೀಲುನೋವೂ ಇದರದೇ ಎಂದರು. "ಇದು ಅಂಟು ಬ್ಯಾನಿ ಅಲ್ರಿ, ಯಾರಿಗೂ ಹತ್ತೂದಿಲ್ಲ. ಆದ್ರ ಬರೇ ಚರ್ಮದ ಬ್ಯಾನಿ ಅಂತ ತಿಳೀಬ್ಯಾಡ್ರಿ. ಇಂಥವ್ರಿಗೆ ಬಿಪಿ, ಶುಗರ್, ಹೃದಯದ ತ್ರಾಸು ಬರೂದು ಹೆಚ್ಚು. ಅವನ್ನೂ ತಪಾಸ್ ಮಾಡಸ್ರಿ." ನಾವು ಮುಲಾಮಷ್ಟೇ ತಂದೆವು. ನಮ್ಮ ಕಣ್ಣಿಗೆ ಕಾಣುತ್ತಿದ್ದದ್ದು ಚರ್ಮವೇ. ದೊಡ್ಡವ್ವನ ಚಿಂತೆ ಬೇರೆ. ಬಸ್ಸಿನಲ್ಲಿ ಕೇಳಿದಳು: "ಹತ್ತೂದಿಲ್ಲಂದ್ರ ಅಂವಾ ಕೈಗೆ ರಬ್ಬರ್ ಚೀಲ ಯಾಕ ಹಾಕ್ಕೊಂಡು ಮುಟ್ಟಿದಾ?"

ಕೆಲಸ ಬಿಟ್ಟ ಮೈ ಭಾರವಾಯಿತು. ಮೊಣಕಾಲು ಹಿಡಿದುಕೊಂಡು ನಡಿಗೆಯೂ ಕಡಿಮೆಯಾಯಿತು. ಊರಿನ ಶಾಲೆಯಲ್ಲಿ ಬಿಪಿ, ಶುಗರ್ ತಪಾಸಣೆ ಇಟ್ಟಾಗ ಅವ್ವ ಜಗಳವಾಡಿಯೇ ಅವಳನ್ನು ಕರೆದೊಯ್ದಳು. ಪಾಳಿ ಬಂತು. "ತೋಳು ಮ್ಯಾಲ ಸರಸ್ರಿ" ಎಂದರು. ಹಿಂದೆ ಅರ್ಧ ಊರೇ ನಿಂತಿತ್ತು. "ನನಗೇನಾಗೇತ್ರಿ? ಗುಂಡಕಲ್ಲಿನಂಗ ಅದೇನಿ" ಎಂದು ದೊಡ್ಡವ್ವ ಎದ್ದುಬಿಟ್ಟಳು. ಎಲ್ಲರೂ ನಕ್ಕರು. ಅವ್ವ ಸಿಟ್ಟಿನಿಂದ ಅವಳನ್ನು ಬಿಟ್ಟು ಮುಂದೆ ನಡೆದುಬಿಟ್ಟಳು.

ಹೋದ ಬೇಸಿಗೆಯ ಒಂದು ಮುಂಜಾನೆ ದೊಡ್ಡವ್ವ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದಳು. ನವಲಗುಂದದ ಆಸ್ಪತ್ರೆಯಲ್ಲಿ, ಬೆವರಿಗೆ ಅಂಟಿಕೊಂಡಿದ್ದ ಕುಬಸದ ತೋಳನ್ನು ನರ್ಸ್ ಕತ್ತರಿಯಿಂದ ಸೀಳಿದಳು. ಬಿಪಿ, ಶುಗರ್ ಎರಡೂ ವಿಪರೀತ ಏರಿದ್ದವು. ಬಹಳ ದಿನದಿಂದ ಹೀಗೇ ಇದ್ದಿರಬೇಕು, ಈಗ ಹೃದಯಕ್ಕೇ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. ಹುಬ್ಬಳ್ಳಿಗೆ ಒಯ್ಯಲು ಆಂಬುಲೆನ್ಸಿಗೆ ಹೇಳಿ ಕಳಿಸಿದರು.

ನರ್ಸ್ ಬರಿಗೈಯಲ್ಲೇ ನಾಡಿ ಹಿಡಿದಿದ್ದಳು. ದೊಡ್ಡವ್ವ ಕೈ ಎಳೆದುಕೊಳ್ಳಲು ನೋಡಿದಳು. "ಮುಟ್ಟಬ್ಯಾಡವಾ, ಹತ್ತೀತು."

"ಹತ್ತೂದಲ್ರಿ ಯವ್ವಾ ಇದು. ನಮ್ಮವ್ವಗೂ ಐತಿ. ಆಕಿ ಮಾಡಿದ್ದನ್ನ ಉಂಡು ಬಂದೇನಿ ಈಗ."

ದೊಡ್ಡವ್ವ ಆ ಹುಡುಗಿಯ ಬರಿಗೈಯನ್ನೇ ನೋಡುತ್ತಿದ್ದಳು. ಈ ಮಾತನ್ನು ಅವಳು ನಂಬಿದಳು. ಅವ್ವನ ಕಡೆ ತಿರುಗಿ, "ಹಂಗಾರ ನಾಳಿಗೆ ಹಿಟ್ಟು ನಾನ ನಾದತೇನಿ" ಎಂದಳು.

"ಹೂಂನಕ್ಕಾ, ನೀನ ನಾದು," ಎಂದಳು ಅವ್ವ.

ಆಂಬುಲೆನ್ಸ್ ಬರುವಷ್ಟರಲ್ಲಿ ದೊಡ್ಡವ್ವ ಹೋಗಿಬಿಟ್ಟಳು.

ಮರುದಿನ ಮಣ್ಣು ಕೊಟ್ಟು ಬಂದೆವು. ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಬಾಜೂ ಮನೆಗಳಿಂದ ಬುಟ್ಟಿಗಟ್ಟಲೆ ರೊಟ್ಟಿ ಬಂದವು. ಬೀಗರ ಆ ಹೆಂಗಸೂ ಪಂಕ್ತಿಯಲ್ಲಿ ಕುಳಿತು ಉಂಡಳು. ಯಾರು ಬಡಿದದ್ದೆಂದು ಯಾರೂ ಕೇಳಲಿಲ್ಲ.