ಓಬಳಯ್ಯನ ಕಮರದ ಒನಕೆ

ಇಂಥದ್ದನ್ನು ಯಾರಾದರೂ ಮಾಡುತ್ತಾರೆಯೇ ಎಂದು ನಿಡುಗಲ್ಲಿನ ಜನ ಇವತ್ತಿಗೂ ಬಾಯಿಯ ಮೇಲೆ ಕೈಯಿಡುತ್ತಾರೆ. ಮಾಡಿದವನು ಬೇರೆ ಯಾರೂ ಅಲ್ಲ, ಬಡಗಿ ಓಬಳಯ್ಯ. ಅವನಿಗೆ ಕಮರದ ಮರವೆಂದರೆ ಹುಚ್ಚು. ತೇಗ, ಬೀಟೆ ಅಂತ ಯಾರಾದರೂ ಬಾಯಿ ತೆರೆದರೆ ಸಾಕು, ಮೈಮೇಲೆ ಬಂದವನಂತೆ ಆಡುತ್ತಿದ್ದ. "ತೇಗ ನೋಡಕ್ಕೆ ಚೆಂದ ಕಣ್ಲಾ, ಕಮರ ದುಡಿಯಕ್ಕೆ!" ಗಾಡಿಯ ಅಚ್ಚು, ಎಣ್ಣೆಗಾಣ, ಒನಕೆ, ಎಲ್ಲಕ್ಕೂ ಅದೇ. ಗೆದ್ದಲು ಹತ್ತಿರ ಸುಳಿಯದು, ಗರಗಸದ ಹಲ್ಲು ಮಾತ್ರ ಉಳಿಯದು. ಈಗ ಒನಕೆ ಯಾರಿಗೆ ಬೇಕು ಅನ್ನಬೇಡಿ; ಮದುವೆಮನೆಯಲ್ಲಿ ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಶಿರಾದಿಂದಲೂ ಫೋನ್ ಮಾಡಿ ತರಿಸಿಕೊಳ್ಳುತ್ತಾರೆ.

ಹಸಿ ಕಮರ ಬಿಸಿಲಿಗೆ ಬಿದ್ದರೆ ಸೀಳುಬಿಡುತ್ತದೆ. ಅದಕ್ಕೇ ಅವನು ದಿಮ್ಮಿಗಳನ್ನು ಕೆರೆಯಂಚಿನಲ್ಲಿ ಮುಳುಗಿಸಿಡುತ್ತಿದ್ದ. ಮೇಲೆ ಕಲ್ಲು ಹೇರಬೇಕಾಗಿಯೇ ಇಲ್ಲ, ಅಷ್ಟು ಭಾರದ ಮರ, ಕಬ್ಬಿಣದ ಹಾಗೆ ತಾನೇ ತಳ ಸೇರುತ್ತದೆ. ಕೊಳ್ಳುವವರು ಅನುಮಾನಪಟ್ಟರೆ ಒನಕೆಯನ್ನು ನೀರಿನ ತೊಟ್ಟಿಗೆ ಹಾಕಿ, "ತೇಲಿದ್ರೆ ಕಾಸು ಕೊಡಬ್ಯಾಡಿ" ಎಂದು ಮೀಸೆ ತಿರುವುತ್ತಿದ್ದ.

ಮೊನ್ನೆ ಕಾರ್ತೀಕದಲ್ಲಿ ಕೆರೆ ತುಂಬಿತ್ತು. ಓಬಳಯ್ಯ ದಡದಲ್ಲಿ ಕೂತು ಹೊಸ ಒನಕೆಯೊಂದನ್ನು ಉಜ್ಜಿ ನಯಮಾಡುತ್ತಿದ್ದ. ಹೆಂಡತಿ ರಾಮಾಂಜಿನಮ್ಮ ಮೊಣಕಾಲುದ್ದ ನೀರಿಗಿಳಿದು ದಿಮ್ಮಿಗೆ ಹಗ್ಗ ಬಿಗಿಯುತ್ತಿದ್ದಳು. ಒಂದು ಹೆಜ್ಜೆ ಹಿಂದಿಟ್ಟಳು ನೋಡಿ, ಅಷ್ಟೇ! ಬೇಸಿಗೆಯಲ್ಲಿ ಜೆಸಿಬಿ ಹೂಳು ಬಗೆದ ಗುಂಡಿ ಅಲ್ಲೇ ಇತ್ತು. ಕಾಲಿಗೆ ತಳ ಸಿಗದೆ ಕಂಠದವರೆಗೂ ಇಳಿದುಹೋದಳು.

ಓಬಳಯ್ಯ ದಡಬಡಿಸಿ ಎದ್ದ. ಕೈಯಲ್ಲಿದ್ದುದನ್ನೇ ಎಸೆದ.

"ಹಿಡ್ಕಳೇ! ಬುಡಬ್ಯಾಡ!"

ಅವಳು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ಹಿಡಿದವಳೇ ಮಾಯವಾದಳು.

ಅಯ್ಯೋ ಶಿವನೇ! ಎಸೆದದ್ದು ಕಮರದ ಒನಕೆ! ಜೀವಮಾನವೆಲ್ಲ ಇದು ಮುಳುಗುತ್ತದೆ ಎಂದು ಊರಿಗೆ ಸಾರಿದವನು ಅದನ್ನೇ ಹೆಂಡತಿಯ ಕೈಗೆ ಕೊಟ್ಟಿದ್ದ. "ಬುಡೇ! ಬುಟ್ಬುಡೇ!" ಎಂದು ಅರಚಿದ, ಕೇಳಲು ಅವಳು ಮೇಲಿದ್ದರೆ ತಾನೆ! ಧುಮುಕಿದ. ಕೆಸರುನೀರಿನಲ್ಲಿ ಕಣ್ಣು ಕಾಣದು. ಜಡೆ ಕೈಗೆ ಸಿಕ್ಕಿತು, ಎಳೆದ. ಮೇಲೇಳಲೊಲ್ಲಳು. ಅವಳ ಬೆರಳುಗಳಿಂದ ಒನಕೆಯನ್ನು ಕಿತ್ತ ಮೇಲೆಯೇ ಇಬ್ಬರೂ ಮೇಲೆ ಬಂದದ್ದು.

ದಡದಲ್ಲಿ ಬೋರಲು ಹಾಕಿ ಬೆನ್ನು ಗುದ್ದಿದ. ನೀರು ಕಕ್ಕಿದಳು, ಕೆಮ್ಮಿದಳು. ಹೋದ ಜೀವ ಬಂದಂತಾಗಿ ಬಯ್ದ: "ಕಮರ ಅಂತ ಗೊತ್ತಾಗ್ಲಿಲ್ವೇನೇ? ಬುಟ್ಟು ಮ್ಯಾಕ್ಕೆ ಬರಕ್ಕೇನಾಗಿತ್ತು ನಿಂಗೆ?"

ರಾಮಾಂಜಿನಮ್ಮ ಒದ್ದೆ ಕೂದಲು ಸರಿಸಿ ಗಂಡನ ಮುಖ ನೋಡಿದಳು.

"ಗೊತ್ತಿತ್ತು. ನೀನು ಎಸ್ದಿದ್ದಲ್ವಾ, ತೇಲ್ತದೆ ಅಂದ್ಕಂಡೆ."