ಒಳಲೆಯ ಹಾಲು, ಅಂಚಿನ ಲಾಳಿ

ಸಾಧಾರಣ ಸಂವತ್ಸರ, ಕಾರ್ತಿಕ ಬಹುಳ ತದಿಗೆ. ಕಚೇರಿಯ ಗಂಟೆ ಬೆಳಿಗ್ಗೆ ಏಳು ಹೊಡೆಯಿತು. ಮಗುವಿಗೆ ಹಾಲೂಡಿಸಿ, ತೊಟ್ಟಿಲಲ್ಲಿ ಮಲಗಿಸಿ, ಬಾಣಂತನದ ನಂತರ ಮೊದಲ ಸಲ ಮಗ್ಗದ ಮುಂದೆ ಕುಳಿತೆ. ಮಗುವಿಗೆ ಅಂದು ನಾಲ್ಕು ತಿಂಗಳು ಎರಡು ದಿನ. ಈ ಪತ್ರಿಕೆಗೆ ಬರೆದು ಕಳಿಸುತ್ತಿರುವ ಹಾಲಿನ ಲೆಕ್ಕ ನನ್ನ ದಿನಚರಿಯಲ್ಲಿ ಶುರುವಾದದ್ದು ಆ ಹೊತ್ತಿನಿಂದ.

ನನ್ನ ತವರು ಚಳ್ಳಕೆರೆ. ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಬರೆಯುವುದು ಕಲಿತೆ. ಅಂಚು ಹಾಕುವುದು ಕಲಿತದ್ದು ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದ ಮೇಲೆ. ಇಲ್ಲಿಯ ರೇಷ್ಮೆ ಸೀರೆಯ ಮೈ ಒಂದು ಬಣ್ಣವಾದರೆ ಅಂಚು ಇನ್ನೊಂದು ಬಣ್ಣ. ಅದಕ್ಕೆ ಮೂರು ಲಾಳಿ ಬೇಕು, ಮೈಗೆ ಒಂದು, ಎರಡು ಅಂಚಿಗೆ ಎರಡು. ಮಗ್ಗದ ಕೆಳಗಿನ ಗುಣಿಯಲ್ಲಿ ಕಾಲಿಳಿಸಿ ಕುಳಿತ ನಮ್ಮ ಮನೆಯವರು ಎರಡನ್ನು ಆಡಿಸುತ್ತಾರೆ. ಅವರ ಬಲಕ್ಕೆ ಕುಳಿತು ಮೂರನೆಯದನ್ನು ಆಡಿಸುವವಳು ನಾನು. ನಾನು ಎದ್ದರೆ ಮಗ್ಗ ನಿಲ್ಲುತ್ತದೆ. ಮೊದಲು ಈ ಕೆಲಸ ಅತ್ತೆಯವರದಾಗಿತ್ತು. ಈಗ ಅವರ ಕಣ್ಣಿಗೆ ಎಳೆ ಕಾಣುವುದಿಲ್ಲ. ನಾನು ಬಾಣಂತಿಯಾಗಿದ್ದಷ್ಟು ದಿನ ಮಗ್ಗದಲ್ಲಿ ಅಂಚಿಲ್ಲದ ಸಾದಾ ಬಟ್ಟೆ ನಡೆದಿತ್ತು. ಈಗ ಮದುವೆ ಸೀರೆ ಒಪ್ಪಿಕೊಂಡಾಗಿತ್ತು. ಮಾಘದೊಳಗೆ ಮುಗಿಯಬೇಕು.

ಇದು ನನ್ನ ಎರಡನೆಯ ಮಗು. ಮೊದಲನೆಯವಳಿಗೆ, ನಾನು ಮಗ್ಗಕ್ಕೆ ಕುಳಿತ ದಿನದಿಂದ, ನೀರು ಬೆರೆಸಿದ ಹಸುವಿನ ಹಾಲು ಹಾಕಿದೆವು. ಭೇದಿ ಹತ್ತಿತು. ಏಳನೆಯ ತಿಂಗಳಲ್ಲಿ ಹೋದಳು. ಹಾಲಿನಿಂದಲೇ ಹೋದಳೆಂದು ನಾನು ಹೇಳಲಾರೆ. ಆಗ ನಾನು ಏನನ್ನೂ ಬರೆದಿಟ್ಟಿರಲಿಲ್ಲ. ಈ ಸಲ ಬರೆದಿಡುತ್ತೇನೆ, ಮಗುವಿಗೆ ನನ್ನ ಹಾಲಲ್ಲದೆ ಬೇರೆ ಹಾಲು ಹಾಕುವುದಿಲ್ಲ ಎಂದು ನಿಶ್ಚಯಿಸಿದ್ದೆ.

ಮೊದಲ ದಿನ ಒಂಬತ್ತು ಸಲ ಎದ್ದೆ. ಸಂಜೆ ಅಳೆದರೆ ನೇಯ್ದದ್ದು ಒಂದು ಗೇಣು. ನಮ್ಮವರು ಬೈಯಲಿಲ್ಲ. ಗೇಣಿಟ್ಟು ಅಳೆದು, ಮತ್ತೊಮ್ಮೆ ಅಳೆದರು. ಅದೇ ನನಗೆ ಸಾಕಾಯಿತು. ಮರುದಿನ ಬೆಳಗಾಗುವ ಮುಂಚೆ ಮಗುವಿಗೆ ಊಡಿಸಿ, ಉಳಿದ ಹಾಲನ್ನು ಕುದಿನೀರಲ್ಲಿ ಅದ್ದಿ ತೆಗೆದ ಎರಡು ಬಟ್ಟಲಿಗೆ ಹಿಂಡಿ, ಮುಚ್ಚಿ, ನೀರಿನ ಗಡಿಗೆಯ ಬುಡದ ಒದ್ದೆ ಮರಳಿನಲ್ಲಿ ಇಟ್ಟೆ. ಮಗುವಿಗೆ ಹಾಲು ಹನಿಸಲೆಂದು ತವರಿನಿಂದ ಬಂದ, ಮೂತಿಯಿರುವ ಪುಟ್ಟ ಬೆಳ್ಳಿ ಒಳಲೆಯನ್ನು ತೊಳೆದು ಅತ್ತೆಯವರ ಕೈಗೆ ಕೊಟ್ಟೆ. ಬೆಳಿಗ್ಗೆ ಹತ್ತಕ್ಕೂ ಮಧ್ಯಾಹ್ನ ಮೂರಕ್ಕೂ ಅವರು ಕುಡಿಸಬೇಕು. ಉಳಿದ ಹೊತ್ತಿನದು ನನ್ನದು.

ಅತ್ತೆಯವರು ಬಟ್ಟಲನ್ನು ನೋಡಿದ ರೀತಿ ಈಗಲೂ ಕಣ್ಣಮುಂದಿದೆ.

"ಹಿಂಡಿದ ಹಾಲನ್ನ ಗಿಡದ ಬುಡಕ್ಕೆ ಹಾಕ್ತಾರೆ. ಮಗೀಗೆ ಕುಡಿಸಿದ್ದು ನಾ ಯಾವ ಊರಾಗೂ ಕಂಡಿಲ್ಲವ್ವ."

"ಹಸುವಿನ ಹಾಲನ್ನೂ ಹಿಂಡೇ ಅಲ್ವೇನ್ರಿ ಅತ್ತೆ ಕೊಡಾದು?"

"ನೀನೇನು ಹಸುವೇನೇ?"

"ಮಗೀಗೆ ಹಾಲು ಸಿಗ್ತೈತೆ ಅಂದ್ರೆ ಹಸು ಅಂತ್ಲೇ ಅನ್ರಿ."

ಗುಣಿಯೊಳಗಿಂದ ನಮ್ಮವರು, "ಹಂಗಾರೆ ಮಗ್ಗದ ಪಕ್ಕ ಒಂದು ಗೂಟ ಹೊಡೀಲೇನವ್ವಾ?" ಎಂದರು.

"ನೋರು ಮುಯ್ಯಿ!" ಎಂದು ಅತ್ತೆಯವರು ಮಗನ ಬಾಯಿ ಮುಚ್ಚಿಸಿದರು. ಅವರ ಮನೆಮಾತು ತೆಲುಗು. ನನ್ನೊಡನೆ ಕನ್ನಡವಾಡಿದರೂ ಸಿಟ್ಟೆಲ್ಲ ತೆಲುಗಿನಲ್ಲೇ. ಆದರೆ ಒಳಲೆಯನ್ನು ಕೆಳಗಿಡಲಿಲ್ಲ. ಮೊದಲ ಮೊಮ್ಮಗಳನ್ನು ಅವರೂ ಮರೆತಿರಲಿಲ್ಲ.

ನೇಕಾರರ ಮನೆಗಳಲ್ಲಿ ತೊಟ್ಟಿಲನ್ನು ಮಗ್ಗದ ಪಕ್ಕದಲ್ಲೇ ಕಟ್ಟುವುದು ವಾಡಿಕೆ. ತೊಟ್ಟಿಲ ಹಗ್ಗದ ತುದಿ ತಾಯಿಯ ಕಾಲಿನ ಹೆಬ್ಬೆರಳಿಗೆ. ಕೈ ಲಾಳಿ ಆಡಿಸುತ್ತದೆ, ಕಾಲು ತೊಟ್ಟಿಲು ತೂಗುತ್ತದೆ. ನಾನೂ ಹಾಗೆಯೇ ಮಾಡಿದೆ. ಮಗು ಕಣ್ಣಳತೆಯಲ್ಲಿರುತ್ತದೆ, ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲವೆಂದುಕೊಂಡೆ.

ಮಗು ಒಳಲೆಯನ್ನು ಬಾಯಿಗಿಡಲು ಬಿಡಲಿಲ್ಲ. ಮುಖ ತಿರುಗಿಸಿತು, ಉಗುಳಿತು, ನನ್ನ ಕಡೆ ಕೈ ಚಾಚಿ ಕಿರುಚಿತು. ಹಾಲು ತಣ್ಣಗಾಗಿದೆಯೆಂದು ಮೂರನೆಯ ದಿನ ಬಟ್ಟಲನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿಸಿದೆ. ಅದನ್ನೂ ಉಗುಳಿತು. ಐದನೆಯ ದಿನ ಅದರ ಅಳು ಕೇಳುತ್ತ ಕುಳಿತಿದ್ದಾಗ ನನ್ನ ಎದೆ ತೊಯ್ದು, ಬಗ್ಗಿದಾಗ ಒಂದು ಹನಿ ಅಂಚಿನ ಮೇಲೆ ಬಿತ್ತು. ರೇಷ್ಮೆಯ ಮೇಲೆ ಹಾಲು ಒಣಗಿದರೆ ಕಲೆ. ನಮ್ಮವರು ಅಷ್ಟು ಎಳೆಗಳನ್ನು ಬಿಚ್ಚಿ ಮತ್ತೆ ನೇಯ್ದರು. ಅರ್ಧ ದಿನ ಹೋಯಿತು.

ಪಕ್ಕದ ಮನೆಯ ದೊಡ್ಡಮ್ಮ ಬಾಗಿಲಲ್ಲಿ ನಿಂತು, "ನಿನ್ನ ಸೊಸೆ ಮಗೀಗೆ ಹಾಲೂಡ್ಸಾಕೂ ಪಂಚಾಂಗ ಬರೀತಾಳಂತಲ್ಲೇ! ನಾವೇನು ಬರ್ಕೊಂಡು ಹಡೆದ್ವಾ?" ಎಂದು ನಕ್ಕರು. ನಾನು ದಿನಚರಿ ತೆಗೆದೆ. ಹತ್ತು ಗಂಟೆಯದು ಬರೆಯುವುದಿತ್ತು.

ಒಳಲೆ ಹಿಡಿದ ಒಂಬತ್ತು ದಿನದ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದೆ. ಒಳಲೆ ಹಿಡಿದದ್ದು ಹದಿನೆಂಟು ಸಲ, ಉಗುಳಿದ್ದು ಹದಿನೈದು ಸಲ. ಕುಡಿದದ್ದು ಮೂರೇ ಸಲ. ಆ ಮೂರು ಸಲ ಹಾಲು ಬೆಚ್ಚಗಿತ್ತೇ? ಒಮ್ಮೆ ಬೆಚ್ಚಗಿತ್ತು, ಎರಡು ಸಲ ಇರಲಿಲ್ಲ. ಹೊತ್ತು ಒಂದೇ ಆಗಿತ್ತೇ? ಇಲ್ಲ. ಎಲ್ಲಿ ಕುಡಿಸಿದ್ದು ಎಂದೂ ಬರೆದಿದ್ದೆ. ಮೂರೂ ಸಲ ಅತ್ತೆಯವರು ಮಗುವನ್ನೆತ್ತಿಕೊಂಡು ದೊಡ್ಡಮ್ಮನ ಪಡಸಾಲೆಗೆ ಅವರೆಕಾಯಿ ಸುಲಿಯಲು ಹೋಗಿದ್ದರು. ಮಗುವಿನ ಹಟ ಹಾಲಿನ ಮೇಲಲ್ಲ. ತಾಯಿ ಎದುರಿಗೆ ಕುಳಿತಿರುವಾಗ ಅದು ಒಳಲೆಗೆ ಯಾಕೆ ಬಾಯಿ ತೆರೆಯಬೇಕು? ಕಾಲಿಗೆ ಹಗ್ಗ ಕಟ್ಟಿಕೊಂಡು ಮಗುವನ್ನು ಉಪವಾಸ ಕೆಡವಿದವಳು ನಾನೇ.

ಆ ದಿನವೇ ಹಗ್ಗ ಬಿಚ್ಚಿದೆ. "ನಾಳೆಯಿಂದ ಎರಡು ಹೊತ್ತೂ ಮಗೀನ ಪಕ್ಕದ ಮನೆಗೆ ಕರ್ಕೊಂಡು ಹೋಗ್ರಿ ಅತ್ತೆ. ನಾ ಕಣ್ಣಿಗೆ ಬೀಳಬಾರದು."

"ಅತ್ರೆ?"

"ಅತ್ರೂ ನಾ ಬರಲ್ಲ. ಕುಡೀಲಿಲ್ಲ ಅಂದ್ರೆ ಮಾತ್ರ ಕೂಗ್ರಿ. ಬಂದು ನಾನೇ ಊಡಿಸ್ತೀನಿ."

"ಕಲ್ಲು ಮನಸು ನಿಂದು," ಎಂದರು ಅತ್ತೆಯವರು. ಆದರೂ ಒಯ್ದರು.

ಮೊದಲ ದಿನ ಹತ್ತರ ಗಂಟೆ ಹೊಡೆದ ಮೇಲೆ ನನ್ನ ಕಿವಿಯೆಲ್ಲ ನಡುಗೋಡೆಯ ಆಚೆ. ಒಂದು ಅಳು ಕೇಳಿತು, ನಿಂತಿತು. ಎರಡು ಸಲ ಲಾಳಿ ತಪ್ಪಿಸಿದೆ. "ಹೋಗ್ತೀಯಾ?" ಎಂದರು ನಮ್ಮವರು. "ಇಲ್ಲ, ಹಾಕ್ರಿ," ಎಂದೆ. ಅತ್ತೆಯವರು ಬಂದು ಬರಿದಾದ ಬಟ್ಟಲನ್ನು ನನ್ನ ಮುಂದೆ ಬೋರಲು ಹಾಕಿ ತೋರಿಸಿದರು. "ಬರ್ಕೊ. ಆರು ಒಳಲೆ. ದೊಡ್ಡಮ್ಮನೂ ಎಣಿಸ್ಯಾಳೆ, ಅನುಮಾನ ಇದ್ರೆ ಕೇಳು."

ಮುಂದಿನ ಹತ್ತು ದಿನಗಳಲ್ಲಿ ಇಪ್ಪತ್ತಕ್ಕೆ ಹದಿನೇಳು ಸಲ ಕುಡಿಯಿತು. ಬಿಟ್ಟ ಮೂರು ಸಲ ನಾನೇ ಹೋಗಿ ಊಡಿಸಿದೆ. ಬೆಳಗಿನ ಜಾವ, ಮಧ್ಯಾಹ್ನದ ಊಟದ ಹೊತ್ತು, ಸಂಜೆ, ರಾತ್ರಿ ಮಗು ನನ್ನದೇ. ಸೀರೆ ಪುಷ್ಯದ ಕೊನೆಗೆ ಮಗ್ಗದಿಂದ ಇಳಿಯಿತು. ಮಾಘದಲ್ಲಿ ಮಗುವಿಗೆ ಏಳು ತಿಂಗಳು ತುಂಬಿ ಎಂಟಕ್ಕೆ ಬಿತ್ತು. ಆ ದಿನದ ಪುಟದಲ್ಲಿ ತಿಥಿಯನ್ನು ಮಾತ್ರ ಬರೆದು, ಒಳಗೆ ಹೋಗಿ ಮಗುವನ್ನು ಬಹಳ ಹೊತ್ತು ಎತ್ತಿಕೊಂಡು ಕುಳಿತೆ.

ಈಗ ಫಾಲ್ಗುಣ. ರಾಗಿ ಸರಿ ಶುರು ಮಾಡಿದ್ದೇವೆ, ಹಾಲನ್ನು ಬಿಡಿಸಿಲ್ಲ, ವರ್ಷ ತುಂಬುವವರೆಗೆ ಬಿಡಿಸುವುದೂ ಇಲ್ಲ. ಆದರೆ ನಮ್ಮ ಸೀಮೆಯ ಬಿಸಿಲು ಏರುತ್ತಿದೆ. ಬೆಳಿಗ್ಗೆ ಹಿಂಡಿದ ಹಾಲು ಮೂರು ಗಂಟೆಗೆ ವಾಸನೆ ಬಂದದ್ದರಿಂದ ಈ ವಾರ ಎರಡು ಸಲ ಚೆಲ್ಲಬೇಕಾಯಿತು. ಈಗ ಮಧ್ಯಾಹ್ನ ಬೇರೆಯಾಗಿ ಹಿಂಡುತ್ತಿದ್ದೇನೆ. ಬೇಸಿಗೆಯಲ್ಲಿ ಹಿಂಡಿದ ಹಾಲು ಎಷ್ಟು ಹೊತ್ತು ಕೆಡದೆ ಇರುತ್ತದೆ, ಯಾವ ಪಾತ್ರೆಯಲ್ಲಿ, ಎಲ್ಲಿ ಇಡಬೇಕು ಎಂಬುದನ್ನು ಸ್ವತಃ ಮಾಡಿ ನೋಡಿದ ತಾಯಂದಿರಾಗಲಿ ಸೂಲಗಿತ್ತಿಯರಾಗಲಿ ಇದ್ದರೆ, ದಯಮಾಡಿ ಈ ಪತ್ರಿಕೆಗೆ ಬರೆದು ತಿಳಿಸಬೇಕು. ಓದು ಬರಹ ಬಾರದವರು ಬಲ್ಲವರಿಂದ ಬರೆಸಿದರೂ ಆದೀತು. ಚೈತ್ರ ಹುಟ್ಟುವುದರೊಳಗೆ ನನಗೆ ತಿಳಿಯಬೇಕು.